ಮಾತ್ರೆ ನಿಲ್ಲಿಸಿದ ಐದು ವಾರ

ಕಪ್ಪು ಕೋಟು ಹಾಕುವ ಕೆಲಸಕ್ಕೆ ಹೋಗುವವರಿಗೆ ಸೋರಿಯಾಸಿಸ್ ಬರಬಾರದು. ಬಿಳಿ ಹೊಟ್ಟು ಅದರ ಮೇಲೆ ಕಂಡಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣುವುದಿಲ್ಲ. ನಾನು ಜೂನಿಯರ್ ವಕೀಲೆಯಾಗಿ ಸೇರಿದ ಮೊದಲ ತಿಂಗಳೇ ನಮ್ಮ ಸೀನಿಯರ್ ನನ್ನ ಭುಜ ನೋಡಿ, “ಏನಮ್ಮಾ, ಶಾಂಪೂ ಹಾಕೋದಿಲ್ವಾ?” ಅಂದಿದ್ದರು. “ಇದು ತಲೆಹೊಟ್ಟಲ್ಲ ಸಾರ್. ನನ್ನ ಮೈ ನನ್ನ ಮೇಲೇ ದಾವೆ ಹೂಡಿದೆ,” ಅಂದೆ. ಅವರು ನಕ್ಕರು, ನಾನೂ ನಕ್ಕೆ. ಅವತ್ತಿನಿಂದ ಬ್ಯಾಗಿನಲ್ಲಿ ಒಂದು ಬಟ್ಟೆ ಬ್ರಷ್ ಇರುತ್ತದೆ.

ಚರ್ಮದ್ದಾದರೂ ಬ್ರಷ್ಷಿನಲ್ಲಿ ಹೋಗುತ್ತಿತ್ತು. ಗಂಜಿ ಹಾಕಿದ ಕಾಲರ್ ಕತ್ತನ್ನು ಉಜ್ಜಿ ಉಜ್ಜಿ ಕೆಂಪು ಮಾಡಿದರೆ ಮುಲಾಮು ಇತ್ತು. ಕೀಲುನೋವಿಗೆ ಇಂಥ ಉಪಾಯಗಳಿಲ್ಲ. ಬೆಳಿಗ್ಗೆ ಎದ್ದು ಹಿಮ್ಮಡಿ ನೆಲಕ್ಕೆ ಊರಿದರೆ ಜಲ್ಲಿಕಲ್ಲಿನ ಮೇಲೆ ನಿಂತ ಹಾಗೆ. ಕೂತರೆ ಸೊಂಟ, ನಿಂತರೆ ಹಿಮ್ಮಡಿ, ಮಲಗಿದರೆ ಮೊಣಕೈಯ ಗಾಯಕ್ಕೆ ಹೊದಿಕೆ ತಾಗುತ್ತದೆ. ಬಸವೇಶ್ವರನಗರದಲ್ಲಿ ನಾವು ಬಾಡಿಗೆಗಿರುವ ಮೇಲಿನ ಪೋರ್ಷನ್ನಿನೊಳಗೆ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಲೇ ಓದುತ್ತಿದ್ದೆ. “ಒಂದು ಕಡೆ ಕೂತ್ಕೊಳ್ಳೇ, ನೋಡಿ ನನಗೇ ತಲೆ ಸುತ್ತುತ್ತೆ,” ಅನ್ನುತ್ತಿದ್ದಳು ಅಮ್ಮ.

ಆಮೇಲೆ ಬಲಗೈಯ ತೋರುಬೆರಳು ಬುಡದಿಂದ ತುದಿಯವರೆಗೆ ಒಂದೇ ಸಮ ಊದಿ ಏಲಕ್ಕಿ ಬಾಳೆಹಣ್ಣಿನ ಥರ ಆಯಿತು. ಕೀಲುರೋಗದ ಡಾಕ್ಟರು ಬೆರಳು ಬಿಟ್ಟು ಮೊದಲು ಉಗುರು ನೋಡಿದರು. ಗುಂಡುಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿಗಳಿದ್ದವು. “ಚರ್ಮ, ಉಗುರು, ಕೀಲು, ಮೂರೂ ಒಂದೇ ಕಾಯಿಲೆ. ಸೋರಿಯಾಟಿಕ್ ಆರ್ಥ್ರೈಟಿಸ್,” ಅಂದರು. ವಾರಕ್ಕೊಂದೇ ಸಲ, ಭಾನುವಾರ, ನುಂಗಬೇಕಾದ ಮಾತ್ರೆ ಬರೆದರು. “ಹಿಡಿಯೋಕೆ ಎಂಟು ಹತ್ತು ವಾರ ಬೇಕಾಗುತ್ತೆ. ನಡುವೆ ನೀವಾಗೇ ನಿಲ್ಲಿಸಬೇಡಿ.”

ನನಗೆ ಆ ಬೆರಳು ಬೇಕಿತ್ತು. ಸಿವಿಲ್ ಜಡ್ಜ್ ಪರೀಕ್ಷೆಗೆ ಕೂತಿದ್ದೆ. ಅದರ ಮುಖ್ಯ ಪರೀಕ್ಷೆಯಲ್ಲಿ ಗಂಟೆಗಟ್ಟಲೆ ಕೈಯಲ್ಲೇ ಬರೆಯಬೇಕು. ಬಾಯಿ ನನಗೆ ಯಾವತ್ತೂ ಕೈಕೊಟ್ಟಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ಎರಡನೇ ಗಂಟೆ ಹೊಡೆಯುವವರೆಗೂ ಬಿಡುತ್ತಿರಲಿಲ್ಲ. ಆದರೆ ನ್ಯಾಯಾಧೀಶೆ ಆಗಬೇಕಾದರೆ ಬಾಯಿ ಸಾಲದು.

ಮಾತ್ರೆ ಶುರುವಾದ ವಾರವೇ ಕೆಳಗಿನ ಮನೆಯ ಓನರ್ ಆಂಟಿ ಅಮ್ಮನಿಗೆ ತಮ್ಮ ತೀರ್ಮಾನ ಹೇಳಿದರು. “ಸರ್ಪದೋಷ ಕಣ್ರೀ. ಹುಡುಗಿ ಪೊರೆ ಬಿಡ್ತಾ ಇದಾಳೆ, ಕಾಣಲ್ವಾ?” ಅಮ್ಮ ನಲವತ್ತೆಂಟು ದಿನದ ಹರಕೆ ಹೊತ್ತಳು. ಬೆಳಗಾಗುತ್ತಲೇ ಚೊಂಬಿನಲ್ಲಿ ಹಾಲು ಹಿಡಿದು ಪಾರ್ಕಿನ ಪಕ್ಕದ ಅಶ್ವತ್ಥಕಟ್ಟೆಗೆ ಹೋಗಿ ನಾಗರಕಲ್ಲಿಗೆ ಸುರಿದು, ಕಲ್ಲಿಗೆ ಹಚ್ಚಿದ ಅರಿಶಿನವನ್ನೇ ಬೆರಳಲ್ಲಿ ತಂದು ನನ್ನ ಮೊಣಕೈಗೆ ಸವರುತ್ತಿದ್ದಳು. ಅದು ಕೆಂಡ ಇಟ್ಟ ಹಾಗೆ ಉರಿಯುತ್ತಿತ್ತು. ನಾನು ಬಚ್ಚಲಿಗೆ ಹೋಗಿ ತೊಳೆದುಕೊಳ್ಳುತ್ತಿದ್ದೆ.

ಎರಡು ತಿಂಗಳು ಕಳೆಯಿತು. ಬೆರಳು ಇಳಿಯಿತು, ಭುಜದ ಮೇಲಿನ ಹೊಟ್ಟು ನಿಂತಿತು. ಹರಕೆ ಮುಗಿದರೂ ಅಮ್ಮ ಪ್ರತಿ ಮಂಗಳವಾರ ಕಟ್ಟೆಗೆ ಹೋಗುವುದನ್ನು ಬಿಡಲಿಲ್ಲ.

“ನಾಗಪ್ಪ ಕೈಬಿಡಲಿಲ್ಲ ನೋಡು,” ಅಂದಳು.

“ಮಾತ್ರೆ ಶುರು ಮಾಡಿದ್ದೂ ಅದೇ ವಾರ ಅಮ್ಮ.”

“ಯಾರು ಇಲ್ಲ ಅಂದ್ರು? ಮಾತ್ರೆ ಹಿಡಿಯೋ ಹಾಗೆ ಮಾಡಿದ್ದು ಯಾರು?”

“ಹಂಗಾದ್ರೆ ಹಾಲು ಸುರಿಯದೇ ಇರೋರಿಗೆ ಹಿಡಿಯಲ್ವಾ?”

“ಅವರ ವಿಷಯ ನಂಗ್ಯಾಕೆ? ನಾನು ನಿನ್ನ ತಾಯಿ.”

ಯಾವ ಸ್ಪರ್ಧೆಯಲ್ಲೂ ನನಗೆ ಇಂಥ ಎದುರಾಳಿ ಸಿಕ್ಕಿರಲಿಲ್ಲ. ವಾಸಿಯಾದರೆ ದೇವರು, ಆಗದಿದ್ದರೆ ಭಕ್ತಿ ಸಾಲದು. ಸೋಲುವ ದಾರಿಯೇ ಇಲ್ಲದ ವಾದ. ನನಗೆ ರೇಗಿತು. “ಆ ಹಾಲು ಕುಡಿಯೋದು ಇರುವೆ ಅಮ್ಮ. ನಮ್ಮ ಏರಿಯಾದ ಯಾವ ಇರುವೆಗೂ ಕೀಲುನೋವಿಲ್ಲ, ಅಷ್ಟು ಮಾತ್ರ ಒಪ್ಕೋತೀನಿ,” ಅಂದೆ. ಅಮ್ಮ ಚೊಂಬು ತೊಳೆದು ಬೋರಲು ಹಾಕಿ, “ಸರಿ ಬಿಡು,” ಅಂದಳು. ಗೆದ್ದೆ ಅಂದುಕೊಂಡೆ.

ಆದರೂ ಮುಂದಿನ ಮಂಗಳವಾರ ಚೊಂಬು ಹಿಡಿದು ಹೊರಟಳು. ಅವತ್ತೇ ನನಗೆ ಆ ಯೋಚನೆ ಬಂದದ್ದು. ಮಾತ್ರೆ ನಿಲ್ಲಿಸುವುದು. ಹಾಲು ನಡೆಯುತ್ತಲೇ ಇರಲಿ. ಊತ ವಾಪಸ್ ಬಂದರೆ ಹಾಲಿನಿಂದ ಏನೂ ಆಗುತ್ತಿರಲಿಲ್ಲ ಅಂತ ಸಾಬೀತು. ಮುಖ್ಯ ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಐದು ವಾರ ನೋಡಿ ಮತ್ತೆ ಶುರು ಮಾಡಿದರಾಯಿತು. ಎಂಟು ಹತ್ತು ವಾರ ಅಂತ ಡಾಕ್ಟರು ಹೇಳಿದ್ದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇನ್ನೊಂದು ನಿಜವನ್ನೂ ಹೇಳಬೇಕು: ಮಾತ್ರೆ ನುಂಗಿದ ಮಾರನೇ ದಿನ ಹೊಟ್ಟೆ ತೊಳಸುತ್ತಿತ್ತು, ಸೋಮವಾರದ ಕೋರ್ಟು ನರಕವಾಗಿತ್ತು. ನಿಲ್ಲಿಸುವುದಕ್ಕೆ ಒಂದು ಘನವಾದ ಕಾರಣ ಸಿಕ್ಕಿದ್ದು ನನಗೆ ಅನುಕೂಲವೇ ಆಗಿತ್ತು.

ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರ ತಲೆ ಕೆರೆಯತೊಡಗಿತು, ಬ್ರಷ್ ಮತ್ತೆ ಹೊರಗೆ ಬಂತು. ನಾಲ್ಕನೆಯ ವಾರ ಸ್ಕೂಟರಿನ ಬ್ರೇಕ್ ಹಿಡಿಯಲಾಗದೆ ವಿಜಯನಗರದವರೆಗೆ ಆಟೋದಲ್ಲಿ ಹೋಗಿ ಮೆಟ್ರೋ ಹತ್ತಿದೆ. ಐದನೆಯ ವಾರ ತೋರುಬೆರಳಿನ ಜೊತೆ ನಡುಬೆರಳೂ ಊದಿತು. ಗಡಿಯಾರ ಇಟ್ಟುಕೊಂಡು ಬರೆದು ನೋಡಿದರೆ ಮೂರನೇ ಪುಟಕ್ಕೆ ಒತ್ತಕ್ಷರಗಳು ಸಾಲು ಬಿಟ್ಟು ಕೆಳಗೆ ಜಾರುತ್ತಿದ್ದವು. ಹೆದರಿಕೆ ಆಗಬೇಕಿತ್ತು. ಆಗಿಯೂ ಇತ್ತು. ಅದರ ಕೆಳಗೆ ಒಂದು ಖುಷಿಯೂ ಇತ್ತು, ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಅಡುಗೆಮನೆಗೆ ಹೋಗಿ ಬೆರಳನ್ನು ಸಾಕ್ಷಿಯ ಹಾಗೆ ಎತ್ತಿ ಹಿಡಿದೆ. “ಐದು ವಾರದಿಂದ ನಾನು ಮಾತ್ರೆ ತಗೊಂಡಿಲ್ಲ. ನಿನ್ನ ಹಾಲು ಒಂದು ವಾರಾನೂ ತಪ್ಪಿಲ್ಲ. ಈಗ ಹೇಳು.”

ಅಮ್ಮ ಒಲೆ ಆರಿಸಿದಳು. “ಮಾತ್ರೆ ನಿಲ್ಲಿಸಿದ್ಯಾ?”

“ಹೂಂ.”

“ನಾನೂ ನಿಲ್ಲಿಸಿದೀನಲ್ಲೇ.”

“ಏನನ್ನ?”

“ಹಾಲು ಸುರಿಯೋದನ್ನ. ನೀನು ಆ ಇರುವೆ ವಿಷಯ ಅಂದಮೇಲೆ ಕಟ್ಟೆ ತನಕ ಹೋಗ್ತೀನಿ, ಕೈ ಏಳಲ್ಲ. ಸ್ವಲ್ಪ ಹೊತ್ತು ಪಾರ್ಕಲ್ಲಿ ಕೂತು ವಾಪಸ್ ಬರ್ತೀನಿ.”

“ಹಾಲು ಏನ್ ಮಾಡಿದೆ?”

“ಏನ್ ಮಾಡ್ತಾರೆ? ಕಾಯಿಸಿ ಹೆಪ್ಪು ಹಾಕ್ದೆ. ನೀನೇ ತಿಂದಿದೀಯಲ್ಲ.”

ನಾನು ಸ್ಟೂಲಿನ ಮೇಲೆ ಕೂತೆ. ಎರಡೂ ಒಟ್ಟಿಗೆ ನಿಂತಿದ್ದವು. ನನ್ನ ಪ್ರಯೋಗ ಏನನ್ನೂ ಸಾಬೀತು ಮಾಡಿರಲಿಲ್ಲ. ಅದನ್ನು ಕೆಡಿಸಿದ್ದು ನನ್ನದೇ ನಾಲಿಗೆ. ಅಮ್ಮ ಈಗ ಒಂದು ಮಾತು ಆಡಬಹುದಿತ್ತು: ‘ನೋಡು, ನಾನು ನಿಲ್ಲಿಸಿದ್ದಕ್ಕೇ ಹೀಗಾಯ್ತು.’ ಅವಳ ಜಾಗದಲ್ಲಿ ನಾನಿದ್ದರೆ ಖಂಡಿತ ಆಡುತ್ತಿದ್ದೆ. ಅವಳು ನನ್ನ ಬೆರಳನ್ನು ಮುಟ್ಟದೆ, ಹತ್ತಿರದಿಂದ ನೋಡಿ, “ಮಾತ್ರೆ ಎಲ್ಲಿಟ್ಟಿದೀಯ?” ಅಂದಳು.

ಡಾಕ್ಟರು ಎಲ್ಲ ಕೇಳಿಸಿಕೊಂಡು, “ವಾದ ಗೆದ್ರಾ?” ಅಂದರು. ನಾನು ಕೈ ಮೇಜಿನ ಮೇಲಿಟ್ಟೆ. “ಪರೀಕ್ಷೆ ಯಾವಾಗ?” ಅಂದರು. ನಾಲ್ಕು ವಾರ ಇತ್ತು. ರಕ್ತಪರೀಕ್ಷೆ ಮಾಡಿಸಿ ಮತ್ತೆ ಶುರು ಮಾಡಿದರು, ನೋವು ತಡೆಯಲು ಸ್ವಲ್ಪ ದಿನಕ್ಕೆ ಬೇರೆ ಔಷಧಿಯನ್ನೂ ಕೊಟ್ಟರು.

ಮೊದಲ ಪತ್ರಿಕೆ ಬರೆದೆ. ಎರಡನೆಯದಕ್ಕೆ ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡೆ. ಮೂರನೆಯದರಲ್ಲಿ ಒಂದು ಜಮೀನು ವ್ಯಾಜ್ಯಕ್ಕೆ ತೀರ್ಪು ಬರೆಯಬೇಕಿತ್ತು. ವಾದಿಯ ಮಾತು, ಪ್ರತಿವಾದಿಯ ಮಾತು, ಸಾಕ್ಷ್ಯ, ಕಾರಣ ಎಲ್ಲವನ್ನೂ ಬರೆದೆ. ಕೊನೆಯಲ್ಲಿ ಆದೇಶ ಬರಬೇಕು, ನಾಲ್ಕು ಸಾಲು. ಬೆರಳು ಪೆನ್ನನ್ನು ಹಿಡಿಯಲಿಲ್ಲ. ಎಡಗೈಯಲ್ಲಿ ಪ್ರಯತ್ನಿಸುವಷ್ಟರಲ್ಲಿ ಗಂಟೆ ಹೊಡೆಯಿತು. ನನ್ನ ಕೋರ್ಟಿನಲ್ಲಿ ಅವರಿಬ್ಬರ ಜಮೀನು ಯಾರದ್ದೂ ಆಗದೆ ಉಳಿಯಿತು. ಪಾಸಾದವರ ಪಟ್ಟಿಯಲ್ಲಿ ನನ್ನ ನಂಬರೂ ಬರಲಿಲ್ಲ.

ಪರೀಕ್ಷೆ ಮುಗಿದು ಈಗ ಮೂರು ತಿಂಗಳು. ಬೆರಳು ಮತ್ತೆ ಇಳಿಯುತ್ತಿದೆ. ಭಾನುವಾರ ಊಟವಾದ ಮೇಲೆ ಅಮ್ಮ ಮಾತ್ರೆಯನ್ನು ಲೋಟದ ಪಕ್ಕ ಇಟ್ಟು ನಿಲ್ಲುತ್ತಾಳೆ. “ಮೊದಲು ನುಂಗು. ವಾದ ಆಮೇಲೆ.” ನುಂಗುತ್ತೇನೆ. ಗೋಡೆಯಿಂದ ಗೋಡೆಗೆ ಓಡಾಟ ಇನ್ನೂ ನಿಂತಿಲ್ಲ. ಮುಂದಿನ ಪರೀಕ್ಷೆ ಯಾವಾಗ ಕರೆಯುತ್ತಾರೋ, ಅಷ್ಟರಲ್ಲಿ ಕೈ ಏನನ್ನುತ್ತದೋ ಗೊತ್ತಿಲ್ಲ. ದಿನಕ್ಕೆ ಐದು ಪುಟ ಬರೆಯುತ್ತೇನೆ.

ಮಂಗಳವಾರ ಅಮ್ಮ ಚೊಂಬು ಹಿಡಿದು ಹೊರಡುತ್ತಾಳೆ. ಕಟ್ಟೆಗೋ, ಪಾರ್ಕಿಗೋ ಅಂತ ಕೇಳಲು ನಾಲಿಗೆ ತುರಿಸುತ್ತದೆ, ಕೇಳುವುದಿಲ್ಲ. ಬುಧವಾರ ಮೊಸರು ಧಾರಾಳವಾಗಿಯೇ ಇರುತ್ತದೆ. ಹೋದ ಬುಧವಾರ ಮಾತ್ರ ರಾತ್ರಿ ಊಟಕ್ಕೆ ಕೂತಾಗ ಮೊಸರು ಸಾಲಲಿಲ್ಲ. “ಇವತ್ತು ಮಜ್ಜಿಗೆ ಮಾಡ್ಕೊಳೇ, ಸ್ವಲ್ಪಾನೇ ಇದೆ,” ಅಂದಳು ಅಮ್ಮ, ನನ್ನ ಕಡೆ ನೋಡದೆ. ಇದ್ದ ಮೊಸರಿಗೆ ನೀರು ಹಾಕಿ, ಉಪ್ಪು ಹಾಕಿ, ಇಬ್ಬರ ತಟ್ಟೆಗೂ ಬಡಿಸಿದೆ.