ಹಳ್ಳದ ಕಿಂಡಿಗೆ ದೊರೆ ಜಡಿದ ಮೂಟೆ

ಕಾಲುವೆಯ ತೂಬು ತಿರುಗಿಸುವ ನೌಕರನಿಗೆ ಬೆಳೆಗಾರರು ದೊರೆ ಎಂದು ಹೆಸರಿಟ್ಟಿದ್ದರು. ಕಾಲು ಮುರಿದ ಕುರ್ಚಿಯೇ ಸಿಂಹಾಸನ, ತುಕ್ಕು ಹಿಡಿದ ಹಿಡಿಕೆಯೇ ರಾಜದಂಡ. ಅದು ತಿರುಗಿದ ಕಡೆಗೆಲ್ಲ ಟೊಮೆಟೊ, ಎಲೆಕೋಸು, ಮೆಕ್ಕೆಜೋಳ ತಲೆಯೆತ್ತುತ್ತಿದ್ದವು. ತನ್ನ ಆಳ್ವಿಕೆಯಲ್ಲಿ ಒಂದೆಲೆಯೂ ಬಾಡಿಲ್ಲವೆಂದು ಅವನು ಮೀಸೆ ತಿರುವುತ್ತಿದ್ದ. ತಿರುವುವಷ್ಟು ಮೀಸೆ ಇರಲಿಲ್ಲ, ಆ ಮಾತು ಬೇರೆ.

ತೂಬಿನ ಬುಡದಲ್ಲಿ ಅಂಗೈಯಗಲದ ಕಿಂಡಿಯೊಂದಿತ್ತು. ಕೆಳಗಿನ ಹಳ್ಳ ಬೇಸಿಗೆಯಲ್ಲೂ ಸಾಯದಿರಲೆಂದು ಕಾಲುವೆ ಕಟ್ಟಿದವರು ಬಿಟ್ಟದ್ದು. ದೊರೆಯ ಕಣ್ಣಿಗೆ ಅದು ಖಜಾನೆಗೆ ಕೊರೆದ ಕನ್ನ. ಬೆಳೆಗಾರರೂ ಕಿವಿಯೂದಿದರು. ಗೋಣಿಚೀಲಕ್ಕೆ ಜೇಡಿಮಣ್ಣು ತುಂಬಿ, ಹೊಲಿದು, ಡಾಂಬರು ಬಳಿದು ಕಿಂಡಿಗೆ ಜಡಿದೇಬಿಟ್ಟ. ಹನಿ ಜಿನುಗಿದರೂ ಮತ್ತೆ ಮೆತ್ತುತ್ತಿದ್ದ. ಹೆಂಡತಿಯ ಅಡುಗೆಮನೆಯ ಸೂರು ಸೋರುವುದು ಮಾತ್ರ ಮಹಾಪ್ರಭುವಿಗೆ ಎಂದೂ ಕಾಣಲಿಲ್ಲ. ಅತ್ತ ಹೊಲಗಳು ಅತಿನೀರು ಕುಡಿದು ಮೈತುಂಬ ಬಿಳಿ ಉಪ್ಪು ಕಾರಿದವು. ಬೆಳೆಗಾರರು ಅದಕ್ಕೂ ನೀರೇ ಮದ್ದೆಂದರು. ದೊರೆ ಧಾರಾಳವಾಗಿ ಹರಿಸಿದ.

ಹಳ್ಳದ ಕೊನೆಯಲ್ಲಿ ಅವನ ತಂಗಿಯ ಮೀನಿನ ಕೊಳವಿತ್ತು. ಗಂಡ ಸತ್ತ ಮೇಲೆ ಅವಳ ಒಲೆ ಉರಿಯುತ್ತಿದ್ದುದೇ ಅದರಿಂದ. ಈಗ ಬೇಸಿಗೆಯಲ್ಲಿ ಕೊಳಕ್ಕೆ ಇಳಿಯುತ್ತಿದ್ದುದು ಹೊಲಗಳು ಕುಡಿದು ಉಗುಳಿದ ನೀರು ಮಾತ್ರ: ಗೊಬ್ಬರ, ಕೀಟನಾಶಕ ಬೆರೆತ ಹಸಿರು ಕಷಾಯ. ಪ್ರತಿ ಬೇಸಿಗೆಯೂ ಅವಳು ಬಂದು ಬೇಡಿಕೊಳ್ಳುತ್ತಿದ್ದಳು. ಈ ಸಲ ಬೆಳೆಗಾರರ ಎದುರಿಗೇ ಕೇಳಿದಳು.

“ಅಣ್ಣಾ, ಮೀನು ಬಾಯಿ ಮೇಲೆ ಮಾಡ್ಕೊಂಡು ಒದ್ದಾಡ್ತಿವೆ. ಮೂಟೆ ಒಂಚೂರು ಸರಿಸು.”

“ಮೀನಿಗೆ ನೀರು ಕಡಿಮೆ ಕುಡಿಯೋಕೆ ಹೇಳು, ಹೋಗೇ.”

ಬೆಳೆಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ದೊರೆಗೆ ತನ್ನ ಹಾಸ್ಯ ಎಷ್ಟು ಹಿಡಿಸಿತೆಂದರೆ, ಕಂಡಕಂಡವರಿಗೆಲ್ಲ ಅದನ್ನೇ ಬಡಿಸುತ್ತ ಹೋದ.

ಅವನ ನಿವೃತ್ತಿಯ ದಿನ ತೂಬಿನ ಬಳಿ ಬೀಳ್ಕೊಡುಗೆ ಸಭೆ. ಹೊಗಳಿಕೆ ಕೇಳಿ ದೊರೆ ಉಬ್ಬುತ್ತಿದ್ದಾಗ ತಂಗಿ ಒಂದು ಪ್ಲಾಸ್ಟಿಕ್ ಟಬ್ಬು ತಂದು ಅವನ ಕಾಲಬಳಿ ಇಟ್ಟಳು. ಅದರ ತುಂಬ ಹೊಟ್ಟೆ ಮೇಲಾಗಿ ಸತ್ತ ಮೀನು.

“ಇನ್ನೂ ಅರ್ಧ ಕೊಳ ಜೀವಂತ ಇದೆ, ಅಣ್ಣಾ. ಸಂಜೆವರೆಗೂ ಇರಲ್ಲ.”

ದೊರೆ ಟಬ್ಬು ನೋಡಿದ, ತಂಗಿಯ ಮುಖ ನೋಡಿದ. ಹೊಸ ಅಂಗಿಯಲ್ಲೇ ಕಾಲುವೆಗೆ ಧುಮುಕಿ ಮೂಟೆಗೆ ಕೈಹಾಕಿದ. ಗೋಣಿ ಎಂದೋ ಕೊಳೆತುಹೋಗಿತ್ತು. ಒಳಗಿನ ಜೇಡಿ, ಮೇಲಿನ ಡಾಂಬರು, ನಡುವೆ ಹೆಣೆದುಕೊಂಡ ಜೊಂಡಿನ ಬೇರು ಸೇರಿ ಬಂಡೆಯಾಗಿದ್ದವು. ಉಗುರು ಕಿತ್ತುಬಂತು, ಮೂಟೆ ಬರಲಿಲ್ಲ. ಹಾರೆಯಿಂದ ತಿವಿದ. ಹಾರೆ ಬಾಗಿತು. ಇಂಥ ಕೋಟೆಯನ್ನು ಹಿಂದೆ ಯಾವ ದೊರೆಯೂ ತನ್ನ ವಿರುದ್ಧವೇ ಕಟ್ಟಿಕೊಂಡಿರಲಿಲ್ಲ.

“ಬನ್ರೋ, ಕೈಹಾಕಿ. ಇದನ್ನ ಕೀಳ್ಬೇಕು.”

ಬೆಳೆಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋಗುವಾಗಲೂ ನಗಿಸುತ್ತಾನಲ್ಲ ಎಂದು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ದೊರೇ, ಮೀನಿಗೆ ನೀರು ಕಡಿಮೆ ಕುಡಿಯೋಕೆ ಹೇಳು.”

ಎದೆಮಟ್ಟದ ನೀರಿನಲ್ಲಿ ದೊರೆ ಅಳುತ್ತಿದ್ದ. ಮುಖವೆಲ್ಲ ಒದ್ದೆಯಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ತಂಗಿ ಹಳ್ಳದ ಬದಿಗಿಳಿದು, ಬಗ್ಗಿ ಕಿಂಡಿಗೆ ಕಣ್ಣಿಟ್ಟು ಮೂಟೆಯನ್ನು ಕೂಲಂಕಷವಾಗಿ ನೋಡಿದಳು.

“ಕೆಲಸ ಚೆನ್ನಾಗಿ ಮಾಡಿದೀಯ ಅಣ್ಣಾ,” ಎಂದಳು.

ಆಮೇಲೆ ಮೀನುಗಳನ್ನೆಲ್ಲ ಸಿಂಹಾಸನದ ಮೇಲೆ ಸುರಿದು, ಖಾಲಿ ಟಬ್ಬು ಎತ್ತಿಕೊಂಡು ಮನೆಗೆ ನಡೆದಳು. ಉಳಿದರ್ಧ ಕೊಳದ ಮೀನಿಗೆ ಸಂಜೆ ಅದು ಬೇಕಾಗುತ್ತಿತ್ತು.