ಸಮಾಧಾನನ ಸೇಡಿನ ಡಬ್ಬಿ

ದಿಗ್ಗೇವಾಡಿಯ ಸಮಾಧಾನ ಕಾಂಬಳೆಗೆ ಆ ಹೆಸರಿಟ್ಟ ಅಜ್ಜ ಮೊಮ್ಮಗನ ಮುಖವನ್ನು ಸರಿಯಾಗಿ ನೋಡಿರಲಿಕ್ಕಿಲ್ಲ. ಕಚ್ಚಿದ ಸೊಳ್ಳೆಯ ಗುರುತನ್ನು ತೊಟ್ಟಿಲಲ್ಲೇ ನೆನಪಿಟ್ಟುಕೊಳ್ಳುವ ಕೂಸು ಅದು. ಶಾಲೆಯಲ್ಲಿ ತನ್ನ ಪೆನ್ನು ಕದ್ದವನ ಮದುವೆಗೆ ಎಷ್ಟೋ ವರ್ಷಗಳ ನಂತರ ಕರೆಯದೇ ಹೋಗಿ, ಅಕ್ಷತೆಯ ಜೊತೆಗೆ ಆ ಪೆನ್ನಿನ ಮಾತನ್ನೂ ಎಸೆದು, ಎರಡು ಜಿಲೇಬಿ ತಿಂದು ಬಂದಿದ್ದ. ಇಂಥವನು ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ, ಎಲ್ಲರಿಗೂ ನಮಸ್ಕಾರ ಮಾಡಿಕೊಂಡು ಇದ್ದ. ವೈರಿ ಇಲ್ಲದ ವೀರನ ಪಾಡು ಹೀಗೆಯೇ. ಕಾಯುತ್ತಿರಬೇಕು.

ಬಹಳ ದಿನ ಕಾಯಬೇಕಾಗಲಿಲ್ಲ. ರಾಯಬಾಗದ ಬಸ್ ಸ್ಟ್ಯಾಂಡಿನ ಎದುರಿಗೆ ಅಣ್ಣಾಸಾಬ ಮೊಬೈಲ್ ಅಂಗಡಿ ಇಟ್ಟ.

ಅಣ್ಣಾಸಾಬನ ಮನೆಯವರಿಗೆ ಕಬ್ಬಿನ ಹೊಲವಿತ್ತು, ದ್ರಾಕ್ಷಿ ತೋಟವಿತ್ತು. ಅವನಿಗೆ ಮಾತ್ರ ಮಣ್ಣು ಒಗ್ಗಲಿಲ್ಲ. ಜನರ ಮೊಬೈಲಿನ ಕಾರ್ಡಿಗೆ ಹಾಡು ತುಂಬಿಕೊಡುವುದೇ ಅವನ ಕಸುಬು. ಕಾರ್ಡ್ ಕೊಟ್ಟರೆ ಚಹಾ ಕುಡಿದು ಬರುವಷ್ಟರಲ್ಲಿ ನೂರಾರು ಹಾಡು ತುಂಬಿರುತ್ತಿದ್ದವು. ಆದರೆ ಪ್ರತಿ ಹಾಡಿನ ಮೊದಲಿಗೂ, ಮತ್ತೆ ನಡುವೆ ಒಮ್ಮೆಯೂ, ಅವನದೇ ದನಿ ಒದರುತ್ತಿತ್ತು: "ಅಣ್ಣಾಸಾಬ ಮೊಬೈಲ್! ಬಸ್ ಸ್ಟ್ಯಾಂಡ್ ಎದುರಿಗೆ, ರಾಯಬಾಗ!" ಪ್ರೇಮದ ಹಾಡಿರಲಿ, ಭಜನೆಯಿರಲಿ, ತೊಟ್ಟಿಲ ಪದವಿರಲಿ, ಅಣ್ಣಾಸಾಬ ಒದರದೆ ಮುಂದಕ್ಕೆ ಹೋಗುವಂತಿರಲಿಲ್ಲ.

ಸಮಾಧಾನನ ತಾಯಿ ತುಳಸವ್ವ ಬೀಸುವ ಪದಗಳ ಕಣಜ. ಜೋಳವೆಲ್ಲ ಗಿರಣಿಗೆ ಹೋಗುವ ಕಾಲ ಬಂದರೂ ಬೇಳೆ ಒಡೆಯಲು, ರವೆ ಮಾಡಲು ಅವಳಿಗೆ ಬೀಸುಕಲ್ಲೇ ಬೇಕು. ಕಲ್ಲು ತಿರುಗಿದರೆ ಕೊರಳೂ ತಿರುಗುತ್ತಿತ್ತು. ಮಗ ಅವನ್ನೆಲ್ಲ ಮೊಬೈಲಿನಲ್ಲಿ ತುಂಬಿಕೊಂಡಿದ್ದ. ಒಂದು ದಿನ ಆ ಮೊಬೈಲಿನ ಪರದೆ ಒಡೆದು, ರಿಪೇರಿಗೆಂದು ಅಣ್ಣಾಸಾಬನ ಕೈಗೆ ಕೊಟ್ಟ. ಕಾರ್ಡನ್ನು ತೆಗೆದಿಟ್ಟುಕೊಳ್ಳಬೇಕೆಂಬುದು ಹೊಳೆಯಲಿಲ್ಲ. ಪರದೆ ರಿಪೇರಿಯಾಯಿತು. ಒಳಗಿನ ಹಾಡು ಹೊರಗೆ ಹೋದವು.

ತುಳಸವ್ವನಿಗೆ ಅದು ಗೊತ್ತಾದದ್ದು ಹಿಟ್ಟಿನ ಗಿರಣಿಯಲ್ಲಿ. ಜೋಳದ ಬುಟ್ಟಿ ಇಟ್ಟುಕೊಂಡು ಪಾಳಿಯಲ್ಲಿ ಕೂತಿದ್ದಾಗ ಗಿರಣಿಯವನ ಮೊಬೈಲಿನಿಂದ ಅವಳದೇ ಕೊರಳು ಬಂತು. ತವರಿನ ಹಾದಿಯ ಪದ. ಸತ್ತ ತಂಗಿಯನ್ನು ನೆನೆದು ಅವಳೇ ಕಟ್ಟಿದ್ದು. ತಂಗಿಯ ಹೆಸರು ಬರುವ ಸಾಲಿನ ನೆತ್ತಿಯ ಮೇಲೆಯೇ ಅಣ್ಣಾಸಾಬ ಒದರಿದ.

ಪಾಳಿಯಲ್ಲಿದ್ದ ಸಾವಕ್ಕ ಕಿಸಕ್ಕನೆ ನಕ್ಕಳು. "ಏನ ತುಳಸವ್ವ, ಅಣ್ಣಾಸಾಬನ ಅಂಗಡ್ಯಾಗ ಹಾಡೋ ಕೂಲಿಗೆ ನಿಂತಿಯೇನ?"

ಅವತ್ತು ಮನೆಗೆ ಬಂದ ತುಳಸವ್ವ ಬೀಸುಕಲ್ಲಿನ ಮೇಲೆ ಗೋಣಿಚೀಲ ಹೊದಿಸಿದಳು. ಮಗ ಕಾರಣ ಕೇಳಿದ್ದಕ್ಕೆ ಒಂದೇ ಮಾತು: "ಬಾಯಿ ತಗದ್ರ ಅವನ ಅಂಗಡಿ ಹೊರಗ ಬರತೈತಿ. ನಾ ಹಾಡಂಗಿಲ್ಲಪಾ."

ಸಮಾಧಾನನ ಎದೆಯೊಳಗೆ ರಣಭೇರಿ ಮೊಳಗಿತು. ಕಾರ್ಖಾನೆಗೆ ರಜೆ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ರಾಯಬಾಗಕ್ಕೆ ದಂಡೆತ್ತಿ ಹೋದ. ಅಂಗಡಿಯಲ್ಲಿ ಗಿರಾಕಿಗಳು ಕೂತೂ ಇನ್ನೆರಡು ಪ್ಲಾಸ್ಟಿಕ್ ಕುರ್ಚಿ ಖಾಲಿ ಇದ್ದವು. ಅಣ್ಣಾಸಾಬ ಕೂಡು ಎನ್ನಲಿಲ್ಲ.

"ನಮ್ಮವ್ವನ ಹಾಡು ತಗೀರಿ. ಇಲ್ಲಾಂದ್ರ ನಿಮ್ಮ ಹೆಸರರೇ ತಗೀರಿ," ಎಂದ ಸಮಾಧಾನ.

ಅಣ್ಣಾಸಾಬ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ಹಾಡಿಗೇನ ಹೊಲಕ್ಕಿದ್ದಂಗ ಉತಾರ ಐತೇನಲೇ ತಮ್ಮಾ? ತಲಾಠಿ ಕಡಿಂದ ಬರಿಸ್ಕೊಂಡ ಬಾ, ಆಮ್ಯಾಲ ನೋಡೂಣು. ನಿಮ್ಮ ಓಣ್ಯಾಗ ಬಿದ್ದಿದ್ದ ಪದಾನ ನಾಕ ತಾಲೂಕಿಗಿ ಕೇಳಂಗ ಮಾಡೀನಿ. ಉಪಕಾರ ಅನ್ನೂದ ಬಿಟ್ಟ ಜಗಳಾಡಾಕ ಬಂದಾನ!"

ಕೂತಿದ್ದ ಗಿರಾಕಿಗಳು ನಕ್ಕರು. ಸಮಾಧಾನ ನಮಸ್ಕಾರ ಮಾಡಿ ಹೊರಗೆ ಬಂದ. ಅವನನ್ನು ಬಲ್ಲವರಿಗೆ ಆ ನಮಸ್ಕಾರದ ಅರ್ಥ ಗೊತ್ತಿತ್ತು. ಅಣ್ಣಾಸಾಬನಿಗೆ ಗೊತ್ತಿರಲಿಲ್ಲ.

ಅಸ್ತ್ರ ಕೊಲ್ಲಾಪುರದಲ್ಲಿ ಸಿಕ್ಕಿತು. ಕಾರ್ಖಾನೆಯ ಕಚೇರಿಯಲ್ಲಿ ಅಂಥದೊಂದು ಡಬ್ಬಿಯನ್ನು ಅವನು ದಿನಾ ನೋಡುತ್ತಿದ್ದ. ಮಿಠಾಯಿ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿದಷ್ಟು ಎತ್ತರ, ಒಳಗೆ ಎರಡು ಡಿಸ್ಕು. ಎಲ್ಲರ ಫೈಲುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ವೈರಿನ ಆ ತುದಿಯಿಂದ ಯಾರು ಕೇಳಿದರೂ ತೆಗೆದುಕೊಡುತ್ತಿತ್ತು. ಬಲ್ಲವರು ಅದಕ್ಕೆ ನ್ಯಾಸ್ ಎನ್ನುತ್ತಿದ್ದರು. ಮನೆಯಲ್ಲಿಟ್ಟುಕೊಳ್ಳುವ ಸಣ್ಣದೊಂದು ಹಳೆಯದು ಸಿಕ್ಕಿದಾಗ ಸಮಾಧಾನ ಅದನ್ನು ಟವೆಲ್ಲಿನಲ್ಲಿ ಸುತ್ತಿ, ನವವಧುವನ್ನು ಕರೆತರುವಂತೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿಕೊಂಡು ತಂದ.

ಹೆಂಡತಿ ಶುಭಾಂಗಿ ನಿಪ್ಪಾಣಿಯವಳು. ಮಿಕ್ಸರ್ ಬರುತ್ತದೆಂದು ಕಾದಿದ್ದಳು. ಟವೆಲ್ಲು ಬಿಚ್ಚಿ ನೋಡಿ, "ಅರೇ ದೇವಾ! ಇದರಾಗ ಚಟ್ನಿ ರುಬ್ಬಾಕ ಬರತೈತೇನ್ರಿ?" ಎಂದಳು.

"ಇದರಾಗ ಅಣ್ಣಾಸಾಬನ್ನ ರುಬ್ಬತೀನಿ."

"ಹಂಗಾರ ಉಪ್ಪು ನೋಡ್ಕೊಂಡ ಹಾಕ್ರಿ."

ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಪಟ, ಅದರ ಕೆಳಗಿನ ಕಟ್ಟೆಯ ಮೇಲೆ ಡಬ್ಬಿಯ ಪ್ರತಿಷ್ಠೆಯಾಯಿತು. ಅಷ್ಟು ಶಾಂತಿಯ ಅಡಿಯಲ್ಲಿ ಅಷ್ಟು ಸೇಡು ಹಿಂದೆಂದೂ ಕೂತಿರಲಿಲ್ಲ. ಟೆಲಿಫೋನಿನ ಬ್ರಾಡ್‌ಬ್ಯಾಂಡ್ ಎಳೆದದ್ದಾಯಿತು. ಕರೆಂಟು ಹೋಗಿ ಬಂದಾಗಲೆಲ್ಲ ಮನೆಯ ಇಂಟರ್ನೆಟ್ ವಿಳಾಸ ಬದಲಾಗುತ್ತಿತ್ತು. ಅದಕ್ಕೊಂದು ಕಾಯಂ ಹೆಸರು ಅಂಟಿಸಿದ. ಡಬ್ಬಿ ಆರದಿರಲೆಂದು ಟ್ರ್ಯಾಕ್ಟರಿನ ಬ್ಯಾಟರಿ ಹಚ್ಚಿದ. ಜನರ ಮೊಬೈಲಿನಲ್ಲಿ ಕನ್ನಡ ಅಕ್ಷರಗಳು ಬರೀ ಚೌಕಗಳಾಗಿ ಕಾಣುತ್ತಿದ್ದ ಕಾಲ ಅದು. ಹಾಗಾಗಿ ಅವ್ವನ ಫೋಟೋ ಹಾಕಿ, 'ದಿಗ್ಗೇವಾಡಿ ತುಳಸವ್ವನ ಪದಗಳು' ಎಂದು ಫೋಟೋದೊಳಗೇ ಬರೆದ. ಮನೆಯಲ್ಲಿ ಹಳೆಯ ಸ್ಪೀಕರಿನಿಂದ, ಹೊರಗೆ ಜಗತ್ತಿನ ಯಾವ ಮೂಲೆಯಿಂದಾದರೂ, ಒತ್ತಿದರೆ ತುಳಸವ್ವ ಹಾಡುವಳು. ಫುಕಟ್! ನಡುವೆ ಯಾರೂ ಒದರುವುದಿಲ್ಲ. ಇನ್ನು ಅಣ್ಣಾಸಾಬನ ಅಂಗಡಿಗೆ ಯಾರು ಹೋಗುತ್ತಾರೆ?

ಎಲ್ಲರೂ ಹೋದರು. ಕಬ್ಬು ಕಡಿಯುವವರ, ಟ್ರ್ಯಾಕ್ಸ್ ಗಾಡಿ ಓಡಿಸುವವರ ಮೊಬೈಲಿಗೆ ಎಲ್ಲಿಯ ಇಂಟರ್ನೆಟ್ಟು? ಅವರಿಗೆ ಗೊತ್ತಿದ್ದದ್ದು ಕಾರ್ಡು ಮತ್ತು ಅಣ್ಣಾಸಾಬ. ಡಬ್ಬಿಗೆ ತಪ್ಪದೆ ಬರುತ್ತಿದ್ದ ಗಿರಾಕಿ ಒಬ್ಬನೇ, ಅವನು ಅಣ್ಣಾಸಾಬ! ಮೊದಲು ಕದ್ದವು ಗರಗರ ಅನ್ನುತ್ತಿದ್ದವು. ಈಗ ಸಮಾಧಾನ ಬೆವರು ಸುರಿಸಿ ಸ್ವಚ್ಛ ಮಾಡಿಟ್ಟ ಹಾಡುಗಳನ್ನು ಅನಾಮತ್ತಾಗಿ ಇಳಿಸಿಕೊಂಡು ತನ್ನ ಕೂಗು ಸೇರಿಸುತ್ತಿದ್ದ. ಇವತ್ತು ಡಬ್ಬಿಗೆ ಹಾಕಿದ ಪದ ನಾಳೆಯೇ ರಾಯಬಾಗದ ಟ್ರ್ಯಾಕ್ಸಿನಲ್ಲಿ ಅಣ್ಣಾಸಾಬನ ಸಮೇತ ಕೇಳಿಸುತ್ತಿತ್ತು. ಕೋಟೆ ಕಟ್ಟಿದ ಸೇನಾಪತಿ ಶತ್ರುವಿಗೆ ಹೆಬ್ಬಾಗಿಲ ಕೀಲಿಯನ್ನೂ ತಾನೇ ಕೊಟ್ಟಂತಾಯಿತು.

ಸಮಾಧಾನ ಊಟ ಬಿಟ್ಟು ಕೂತ. ಬಹಳ ದಿನಗಳ ನಂತರ ತುಳಸವ್ವ ತಾನಾಗಿ ಮಾತು ತೆಗೆದಳು.

"ಲೇ, ಅಂವ ಹಾಡು ಕೇಳಿ ನೋಡಿ ತುಂಬತಾನೋ, ಹಂಗೇನೋ?"

"ಒಂದೂ ಕೇಳಂಗಿಲ್ಲ ಬೇ. ಗೋಣ್ಯಾಗ ತುಂಬಿದಂಗ ತುಂಬತಾನ. ಕೂಗೂ ಮಷಿನ್ನ ಹಾಕತೈತಿ."

"ನಡುವ ಎಲ್ಲಿ ಒದರತಾನ?"

"ಒಂದ ನಿಮಿಷ ಆತಂದ್ರ ಸಾಕು. ಎಲ್ಲಾ ಹಾಡಿಗೂ ಅಲ್ಲೇ."

ತುಳಸವ್ವ ಎಲೆ ಅಡಿಕೆ ಬಾಯಿಗೆ ಹಾಕಿ, ನಿಧಾನವಾಗಿ ಅಗಿದು, ಮೂಲೆಯ ಬೀಸುಕಲ್ಲನ್ನು ನೋಡಿದಳು. "ಹಚ್ಚ ನಿನ್ನ ಮಷಿನ್. ಬೀಗರ ಪದ ಹಾಡತೀನಿ."

ಬೀಗರ ಪದವೆಂದರೆ ಆ ಸೀಮೆಯ ಮದುವೆಯಲ್ಲಿ ಹೆಣ್ಣುಮಕ್ಕಳು ಎದುರು ಪಕ್ಷದ ಬೀಗರನ್ನು ಮುಖದ ಮೇಲೆಯೇ ಹಾಡಿ ಬೈಯುವುದು. ಹೊಟ್ಟೆಬಾಕ, ಬೋಳುತಲೆ, ಜಿಪುಣ, ಏನನ್ನಾದರೂ ಹಾಡಬಹುದು. ಬೈಸಿಕೊಂಡ ಬೀಗ ನಗಬೇಕು, ಹಾಡಿದವಳಿಗೆ ಒಂದು ಕುಬಸದ ಖಣ ಕೊಡಬೇಕು. ಸಿಟ್ಟಿಗೆದ್ದನೋ, ಹಾಡಿದ್ದೆಲ್ಲ ನಿಜವೆಂದು ಒಪ್ಪಿಕೊಂಡಂತೆ. ಈ ನಿಯಮ ಮುರಿದವರು ಇಲ್ಲಿಯವರೆಗೆ ಊರಲ್ಲಿ ಮುಖ ಎತ್ತಿ ತಿರುಗಿದ್ದಿಲ್ಲ.

ಶುಭಾಂಗಿ ಗಡಿಯಾರದ ಎದುರು ಸೌಟು ಹಿಡಿದು ನಿಂತಳು. ಒಂದು ನಿಮಿಷಕ್ಕೆ ಸೌಟು ಮೇಲೇಳಬೇಕು, ತುಳಸವ್ವ ಥಟ್ಟನೆ ನಿಲ್ಲಬೇಕು, ಅಣ್ಣಾಸಾಬ ಒದರುವಷ್ಟು ಹೊತ್ತು ಬಿಟ್ಟು ಮತ್ತೆ ಎತ್ತಿಕೊಳ್ಳಬೇಕು. ಮೊದಲು ನಗು ಬಂದು ಕೆಟ್ಟಿತು. ಆಮೇಲೆ ಸೌಟಿನಿಂದ ಸಾರು ತುಳಸವ್ವನ ಸೆರಗಿಗೆ ಸಿಡಿದು ಕೆಟ್ಟಿತು. ಕೊನೆಗೆ ಕೂಡಿಬಂತು:

"ಗಂಟಲ ಇಲ್ಲದ ಬೀಗ ಅಂಗಡಿ ಇಟ್ಟಾನ
ಕಂಡೋರ ಕೊರಳ ಮಾರ್ಯಾನ – ತನ ಹೇಣ್ತಿ
ಕರದರ ಕಡದ ದನಿಲಿಂದ ಓ ಅಂದಾನ

ಬೀಸೋ ಕಲ್ಲಿನ ಬಳಿ ದನಿಯ ಕದ್ದೋನ್ಯಾರ
ಹೇಸಿಕಿಲ್ಲದ ನಮ್ಮ ಬೀಗನ್ಯಾರ – ಗೆಳತೇರು
ಕೂಡಿ ಕೇಳತೀವಿ, ಹೆಸರ ಹೇಳ!"

ಇಲ್ಲಿ ಸೌಟು ಎದ್ದಿತು. ಮೌನ. ನಂತರ ಮತ್ತೆ ತುಳಸವ್ವ:

"ಹೌದೇನ ನಮ ಬೀಗ, ಹೌದೇನ ನಮ ಜಾಣ
ತಿಪ್ಪಿ ಮ್ಯಾಲಿನ ಹುಂಜ ನೀನೇನ – ನೀ ಕೂಗಿ
ಎಬ್ಬಿಸೀದಿ ಊರ ನಗಿಯೆಲ್ಲ."

ಸಮಾಧಾನ ಅದನ್ನು ಹತ್ತು ಹಳೆಯ ಪದಗಳ ನಡುವೆ ಸೇರಿಸಿ, 'ಹೊಸ ಹಾಡುಗಳು' ಎಂದು ಬರೆದು ಡಬ್ಬಿಗೆ ಹಾಕಿದ. ಗಾಳಕ್ಕೆ ಎರೆಹುಳು ಸಿಕ್ಕಿಸಿ ದಂಡೆಯಲ್ಲಿ ಕೂತ.

ಮೀನು ಗಾಳದ ಜೊತೆಗೆ ಕೋಲನ್ನೂ ನುಂಗಿತು. ಕಬ್ಬಿನ ಹಂಗಾಮು ಆಗತಾನೇ ಶುರುವಾಗಿತ್ತು. ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳಿಗೆ ಕಬ್ಬಿನಷ್ಟೇ ಸ್ಪೀಕರಿನ ಭಾರ. ಕೊಕಟನೂರ ಕಡೆಯ ಡ್ರೈವರ್ ಸಿದರಾಯ ಅಣ್ಣಾಸಾಬನ ಅಂಗಡಿಯಲ್ಲೇ ಕಾರ್ಡ್ ತುಂಬಿಸಿಕೊಂಡಿದ್ದ. ಸಂತೆಯ ದಿನ ಅವನ ಟ್ರ್ಯಾಕ್ಟರ್ ರಾಯಬಾಗದ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ, ಸರಿಯಾಗಿ ಅಂಗಡಿಯ ಎದುರು ಸಿಕ್ಕಿಹಾಕಿಕೊಂಡಿತು. ಸ್ಪೀಕರು ಗುಡುಗಿತು: "ಹೇಸಿಕಿಲ್ಲದ ನಮ್ಮ ಬೀಗನ್ಯಾರ... ಕೂಡಿ ಕೇಳತೀವಿ, ಹೆಸರ ಹೇಳ!"

"ಅಣ್ಣಾಸಾಬ ಮೊಬೈಲ್! ಬಸ್ ಸ್ಟ್ಯಾಂಡ್ ಎದುರಿಗೆ, ರಾಯಬಾಗ!"

"ಹೌದೇನ ನಮ ಬೀಗ, ಹೌದೇನ ನಮ ಜಾಣ..."

ಮೊದಲು ಬದನೆಕಾಯಿ ಮಾರುವವಳು ತಕ್ಕಡಿ ಕೆಳಗಿಟ್ಟು ನಕ್ಕಳು. ಕಂಡಕ್ಟರ್ ಸೀಟಿ ಊದುವುದನ್ನು ಮರೆತು ನಕ್ಕ. "ಮತ್ತೊಮ್ಮಿ ಹಚ್ಚಲೇ ಸಿದರಾಯಾ!" ಎಂದು ಜನ ಒದರಿದರು. ದಾರಿ ತೆರವಾದರೂ ಸಿದರಾಯ ಟ್ರ್ಯಾಕ್ಟರ್ ಮುಂದಕ್ಕೆ ಬಿಡಲಿಲ್ಲ. ವಿಳಾಸವನ್ನೂ ತಾನೇ ಹೇಳಿ ಬೈಸಿಕೊಂಡ ಬೀಗನನ್ನು ಜನ ಅಲ್ಲಿಯವರೆಗೆ ಕಂಡಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಚಿಕ್ಕೋಡಿ, ಅಥಣಿ, ಕಾಗವಾಡದ ರಸ್ತೆಗಳಲ್ಲೆಲ್ಲ ಅಣ್ಣಾಸಾಬ ತಪ್ಪೊಪ್ಪಿಕೊಳ್ಳತೊಡಗಿದ. ಅವನು ಚಹಾದಂಗಡಿಗೆ ಹೋದರೆ, "ಬರ್ರಿ ದಿಗ್ಗೇವಾಡಿ ಬೀಗರ!" ಬೀಗನೆಂದ ಮೇಲೆ ನೆಂಟಸ್ತಿಕೆ ಬಂದೇ ಬಂತು. ಯಾವ ಓಣಿಯವನಿಗೆ ಕುರ್ಚಿ ಕೊಡಲಿಲ್ಲವೋ ಆ ಓಣಿಗೆ ಅವನನ್ನು ಬೀಗನನ್ನಾಗಿ ಮಾಡಿ ಊರು ಅಕ್ಷತೆ ಹಾಕಿತ್ತು.

ಕೊನೆಗೆ ಒಂದು ಮುಂಜಾನೆ ಮೋಟರ್‌ಸೈಕಲ್ ದಿಗ್ಗೇವಾಡಿಗೆ ಬಂತು. ಅಣ್ಣಾಸಾಬ ಹೊಸ್ತಿಲಲ್ಲೇ ಕೂಗಾಡಿದ. "ನನ್ನ ಹೆಸರ ತಗೊಂಡ ಬೈದೀರಿ! ಕೇಸ್ ಹಾಕತೀನಿ!"

"ಮೊದಲ ಕೂಡ್ರಿ," ಎಂದು ಸಮಾಧಾನ ಮನೆಯ ಒಂದೇ ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿ ಹಾಕಿದ. ಡಬ್ಬಿಯಿಂದ ಹಾಡು ಹಚ್ಚಿದ. ತುಳಸವ್ವ ಹಾಡಿದಳು, ಹೆಸರು ಕೇಳಿದಳು. ಮೌನ. ಮತ್ತೆ ಹಾಡಿದಳು.

"ಇದರಾಗ ನಿಮ್ಮ ಹೆಸರ ಎಲ್ಲೈತ್ರಿ? ನಮ್ಮವ್ವ ಯಾರೋ ಒಬ್ಬ ಬೀಗನ್ನ ಕೇಳ್ಯಾಳ. ನಾನ ಅಂತ ನೀವ ಹೇಳ್ಕೊಂಡೀರಿ."

ಅಣ್ಣಾಸಾಬ ಕುರ್ಚಿಯಿಂದ ಅರ್ಧ ಎದ್ದ.

"ಬೀಗರು ಸಿಟ್ಟಾಗ್ಯಾರ," ಎಂದಳು ತುಳಸವ್ವ ಮೂಲೆಯಿಂದ. "ಶುಭಾಂಗಿ, ಚಾ ಇಡವ್ವಾ. ಸಕ್ಕರಿ ಜಾಸ್ತಿ ಹಾಕು."

ಚಹಾ ಬಂತು. ಕುಡಿದರೆ ಬೀಗನೆಂದು ಒಪ್ಪಿದಂತೆ, ಬಿಟ್ಟರೆ ಸಿಟ್ಟಾದನೆಂದು ಊರಿಗೆ ಸುದ್ದಿ. ಬಾಗಿಲಲ್ಲಿ ಆಗಲೇ ಓಣಿಯೆಲ್ಲ ನೆರೆದಿತ್ತು. ಅಣ್ಣಾಸಾಬ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದ. ಆಮೇಲೆ ದನಿ ತಗ್ಗಿಸಿ, "ಈಗ ಏನ ಮಾಡ್ಲಿ ಹೇಳ್ರಿ," ಎಂದ. ಮಾತಿನಿಂದ 'ತಮ್ಮಾ' ಹೋಗಿತ್ತು, 'ಲೇ' ಹೋಗಿತ್ತು.

"ನಮ್ಮ ಡಬ್ಬ್ಯಾಗಿಂದ ಬೇಕಾರ ಈಗ ತಗದ ಬಿಡತೀನ್ರಿ," ಎಂದ ಸಮಾಧಾನ, ಬೆಲ್ಲ ನೆಕ್ಕುವವನಂತೆ. "ಆದ್ರ ನೀವು ತುಂಬಿಕೊಟ್ಟ ಕಾರ್ಡು ಊರೂರಾಗ ಅದಾವಲ್ರಿ? ಒಂದೊಂದ ಇಸ್ಕೊಂಡು, ಅವ್ವನ ಎಲ್ಲಾ ಪದದಾಗಿಂದ ನಿಮ್ಮ ಕೂಗ ನೀವ ಅಳಸ್ರಿ."

"ಸಿದರಾಯನ್ನ ಕೇಳಿದ್ನಿ. ಕೊಡಂಗಿಲ್ಲ ಅಂತಾನ."

"ಅಯ್ಯ, ಅಂವಗ ಭಾಳ ಸೇರೈತಿ ಅದು," ಎಂದಳು ತುಳಸವ್ವ.

ಅಣ್ಣಾಸಾಬ ತಲೆಯಾಡಿಸಿ ಎದ್ದ. ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು, ಯಾರ ಮುಖವನ್ನೂ ನೋಡದೆ ಕಟ್ಟೆಯ ಮೇಲೆ ಡಬ್ಬಿಯ ಪಕ್ಕ ಇಟ್ಟ. ಹಸಿರು ಖಣ. ಕೇಸ್ ಹಾಕುತ್ತೇನೆಂದು ಕೂಗುತ್ತ ಬಂದವನು ಅದನ್ನು ಮನೆಯಿಂದಲೇ ತಂದಿದ್ದ.

ಹೊರಗೆ ಮೋಟರ್‌ಸೈಕಲ್ ಎಷ್ಟು ಒದ್ದರೂ ಚಾಲೂ ಆಗಲಿಲ್ಲ. ಅಷ್ಟರಲ್ಲಿ ಒಳಗೆ ಗೋಣಿಚೀಲ ಸರಿಸಿದ ಸದ್ದು. ಕಲ್ಲು ಗರ್ರೆಂದಿತು. ತುಳಸವ್ವ ತವರಿನ ಹಾದಿಯ ಪದ ಎತ್ತಿಕೊಂಡಳು, ತಂಗಿಯ ಹೆಸರು ಓಣಿಯ ತುದಿಗೂ ಕೇಳುವ ಹಾಗೆ. ಅಣ್ಣಾಸಾಬ ಗಾಡಿಯನ್ನು ನೂಕಿಕೊಂಡು ನಡೆದ. ಓಣಿ ಉದ್ದಕ್ಕಿತ್ತು, ಮಣ್ಣು ಹುಡಿಯಾಗಿತ್ತು, ಗಾಲಿ ಹೂಳುತ್ತಿತ್ತು. ಅಷ್ಟು ದಿನ ಮಾರಿದ ಹಾಡನ್ನು ಅವನು ಮೊದಲಿಂದ ಕೊನೆಯವರೆಗೆ ಕೇಳಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತ ಸಮಾಧಾನ, ಅವನು ಮರೆಯಾಗುವವರೆಗೂ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತಲೇ ಇದ್ದ.