ಖಾನಾವಳಿ ಅವ್ವನ ರಕ್ತಪರೀಕ್ಷೆ

ಸ್ವಲ್ಪ ತಡೀರಿ, ರಕ್ತಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಅಂಗೈ ನೋಡಿ. ರೊಟ್ಟಿ ಬಡಿದು ಬಡಿದು ಕೆಂಪಗಾಗಿ, ರೇಖೆಗಳೇ ಅಳಿಸಿಹೋದ ಅಂಗೈ. ಊಟಕ್ಕೆ ಬಂದ ಜ್ಯೋತಿಷಿಯೊಬ್ಬ ಅದನ್ನು ಹಿಡಿದು ಕಕ್ಕಾಬಿಕ್ಕಿಯಾದಾಗ, "ಏನೂ ಕಾಣವಲ್ದೇನ್ರಿ? ಮೊದಲ ರೊಟ್ಟಿ ಉಣ್ರಿ, ನಿಮ್ಮ ಭವಿಷ್ಯಾ ಛಲೋ ಆಗತೈತಿ" ಎಂದು ಅವ್ವ ನಕ್ಕಿದ್ದಳು.

ಕಮರಿಪೇಟೆಯಲ್ಲಿ ಅವಳದೊಂದು ಸಣ್ಣ ಖಾನಾವಳಿ. ಗಿರಾಕಿಗಳಿಗೆಲ್ಲ ಅವಳು ಅವ್ವ. ಹತ್ತಿರದ ಸುಳ್ಳ ಗ್ರಾಮದಿಂದ ಮೊಬೈಲ್ ರಿಪೇರಿ ಅಂಗಡಿಯ ಕೆಲಸಕ್ಕೆ ಬರುತ್ತಿದ್ದ ನನಗೆ ಮಧ್ಯಾಹ್ನದ ಊಟ ಅಲ್ಲೇ. ಓಣಿಯ ತಿರುವಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ಹಸಿವು ಇಮ್ಮಡಿಯಾಗುತ್ತಿತ್ತು.

ಕಾಲೇಜು ಮುಗಿಸದಿದ್ದರೂ ನನಗೆ ವಿಜ್ಞಾನದ ಹುಚ್ಚು. ಹೊಟ್ಟೆ, ಕರುಳು, ಅನ್ನನಾಳದ ಕ್ಯಾನ್ಸರಿನ ಸುಳಿವು ಕೊಡುವ ಪ್ರೋಟೀನುಗಳು ರಕ್ತದಲ್ಲಿ ಸಿಗಬಹುದು, ಹಲವನ್ನು ಒಟ್ಟಿಗೆ ಅಳೆದು ರೋಗವನ್ನು ಬೇಗ ಹಿಡಿಯಲು ವಿಜ್ಞಾನಿಗಳು ಹೆಣಗುತ್ತಿದ್ದಾರೆ ಎಂದು ಓದಿದ್ದೆ. ತಾಟಿನ ಮುಂದೆ ಕುಳಿತು ದಿನವೂ ಅದನ್ನೇ ಕೊರೆಯುತ್ತಿದ್ದೆ.

"ಪ್ರೋಟೀನ್ ಬೇಕಂದ್ರ ಹೆಸರಕಾಳ ಪಲ್ಯಾ ಹಾಕಿಸ್ಕೋ ನಮ್ಮಪ್ಪಾ" ಎಂದು ಅವ್ವ ಸೌಟು ಎತ್ತುತ್ತಿದ್ದಳು. ಆದರೆ ಕೇಳಿಸಿಕೊಳ್ಳುತ್ತಿದ್ದಳು. ಅವಳ ಅಣ್ಣ ಹೊಟ್ಟೆಯ ಕ್ಯಾನ್ಸರಿನಿಂದಲೇ ಹೋಗಿದ್ದ. ಒಂದು ದಿನ ಯಾರಿಗೂ ಹೇಳದೆ ಲ್ಯಾಬಿಗೆ ಹೋಗಿ ಅಂಥದೇ ಒಂದು ಪರೀಕ್ಷೆಗೆ ರಕ್ತ ಕೊಟ್ಟು ಬಂದಳು. ವರದಿಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಮರುದಿನ ಖಾನಾವಳಿಯಲ್ಲಿ ಹೋಳಿಗೆ. "ನನ್ನ ರಕ್ತ ಚೊಕ್ಕ ಐತಂತ, ಉಣ್ರಿ!"

ಕೊನೆಯ ಗಿರಾಕಿ ಕೈ ತೊಳೆದ ಮೇಲೆ, ಒಲೆಯ ಪಕ್ಕ ಒಬ್ಬಳೇ ಉಣ್ಣುವುದು ಅವ್ವನ ಪದ್ಧತಿ. ಅವಳು ಉಣ್ಣುವುದನ್ನು ನಾವ್ಯಾರೂ ನೋಡಿರಲೇ ಇಲ್ಲ. ಅಂದು ಮಾತ್ರ ಗ್ಯಾರೇಜಿನ ಚಾಚಾ ಬಿಡಲಿಲ್ಲ. "ಇವತ್ತ ನೀವು ಕುಂದರ್ರಿ ಅವ್ವಾ, ನಾ ಬಡಸ್ತೇನಿ. ಗ್ರೀಸ್ ಎಲ್ಲಾ ತೊಳಕೊಂಡೇನಿ, ಕೈ ನೋಡ್ರಿ!"

ನಗುತ್ತ ಕುಳಿತಳು. ತುಪ್ಪ ಸುರಿದ ಮೆತ್ತನೆಯ ಹೋಳಿಗೆ. ಚೂರು ಬಾಯಿಗಿಟ್ಟು, ನೀರು ಕುಡಿದು, ಕುತ್ತಿಗೆ ಚಾಚಿ, ಎದೆ ಒತ್ತಿಕೊಂಡು ನುಂಗಿದಳು. ಮತ್ತೊಂದು ಚೂರು, ಮತ್ತೆ ನೀರು.

"ಯಾವಾಗಿಂದ ಹಿಂಗ ಅವ್ವಾ?" ಎಂದೆ.

"ದೀಪಾವಳಿ ಮುಂದಿಂದ. ರಕ್ತನ ಚೊಕ್ಕ ಐತಿ ಅಂದಮ್ಯಾಲ ಗಂಟಲದ್ದೇನು ತಕರಾರು? ಸುಮ್ನ ಉಣ್ಣು."

"ರೋಗದ ಶುರುವಿನಾಗ ಆ ಪ್ರೋಟೀನ್ ರಕ್ತದಾಗ ಏರದನೂ ಇರಬಹುದವ್ವಾ. ನುಂಗಾಕ ತ್ರಾಸ ಅಂದ್ರ ಪೈಪ್ ಹಾಕಿ ಒಳಗ ನೋಡಬೇಕು."

"ಹಂಗಾರ ಇಷ್ಟ ದಿನಾ ನೀ ಹೇಳಿದ್ದು ಖರೇ ಅಲ್ಲೇನು?"

"ಖರೇನ. ಆದ್ರ ಅರ್ಧಾ."

"ಅರ್ಧಾ ಬೆಂದ ರೊಟ್ಟಿ ಬಡಿಸಿದಿ ಅನ್ನು!"

ಎಲ್ಲರೂ ನಕ್ಕರು. ಅವಳ ಕಣ್ಣಲ್ಲಿ ಮಾತ್ರ ಹೆದರಿಕೆ ಇತ್ತು.

ಚಾಚಾನ ಕಾರಿನಲ್ಲೇ ಸತ್ತೂರಿನ ಆಸ್ಪತ್ರೆಗೆ ಕರೆದೊಯ್ದೆವು. ಅನ್ನನಾಳದಲ್ಲಿ ಗಡ್ಡೆ. ಪುಣ್ಯಕ್ಕೆ ಶಸ್ತ್ರಚಿಕಿತ್ಸೆಗೆ ದಕ್ಕುವ ಹಂತದಲ್ಲಿತ್ತು. ಆಮೇಲೆಯೂ ಕೆಲವು ವರ್ಷ ಅವ್ವ ಖಾನಾವಳಿ ನಡೆಸಿದಳು, ನಮ್ಮ ಜೊತೆಗೇ ಕುಳಿತು ತುಸುತುಸುವೇ ಉಂಡಳು. "ನಾ ಏನ ನುಂಗತೇನಿ ಅಂತ ಮಂದಿ ಕಾವಲ ಕುಂತೈತಿ ನೋಡ್ರಿ!" ಎಂದು ರೇಗಿಸುತ್ತಿದ್ದಳು.

ಕಳೆದ ಶ್ರಾವಣದಲ್ಲಿ ಅವ್ವ ಹೋದಳು, ರೋಗ ಮರಳಿತ್ತು. ಕೊನೆಯ ಸಲ ನೋಡಲು ಹೋದಾಗ ಹೇಳಿದ್ದು ಇಷ್ಟು: "ಓದೋದು ಬಿಡಬ್ಯಾಡಪಾ. ಆದ್ರ ಮುಂದ ಕುಂತವರ ಮಾರಿ ಬಾಡೈತೇನು ಅಂತನೂ ನೋಡು."

ಈಗಲೂ ಆ ಪ್ರೋಟೀನುಗಳ ಬಗ್ಗೆ ಹೊಸದೇನು ಬಂದರೂ ಓದುತ್ತೇನೆ. ಆದರೆ ಯಾರಿಗಾದರೂ ಹೇಳುವ ಮುಂಚೆ, ಊಟ ಸರಿಯಾಗಿ ಸೇರುತ್ತಿದೆಯೇ ಎಂದು ಕೇಳುತ್ತೇನೆ. ನಿಮ್ಮ ಮನೆಯಲ್ಲೂ ಎಲ್ಲರದೂ ಮುಗಿದ ಮೇಲೆ ಉಣ್ಣುವವರೊಬ್ಬರು ಇರುತ್ತಾರೆ. ಇವತ್ತು ಅವರನ್ನು ಮೊದಲು ಕೂರಿಸಿ ಬಡಿಸಿ. ಏನು ಕಂಡಿರಿ ಅನ್ನುವುದನ್ನು ನನಗೂ ಬರೆಯಿರಿ.